ಜಲಪಾತದ ನೆತ್ತಿಯ ಮಡುಗಳಿಗೆ ಚಾರಣ: ಗುನ್‌ಲೊಮ್‌ಗೆ ಹೋಗಬಹುದೇ, ಇಲ್ಲವಾದರೆ ಎಲ್ಲಿಗೆ?

ತುಂಗಾತೀರ (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ಜುಲೈ ತಿಂಗಳ ಶಾಲಾ ರಜೆಯಲ್ಲಿ ಕುಟುಂಬ ಸಮೇತ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯಕ್ಕೆ ಹೋಗಬೇಕೆಂದಿದ್ದೇವೆ. ಪ್ರೌಢಶಾಲೆಯಲ್ಲಿ ಓದುತ್ತಿರುವ ಇಬ್ಬರು ಮಕ್ಕಳಿಗೂ ಈಜು ಚೆನ್ನಾಗಿ ಬರುತ್ತದೆ. ಶಿವಮೊಗ್ಗದಿಂದ ಬಂದಿರುವ ನಮ್ಮ ಮಾವನವರೂ ಜೊತೆಗಿರುತ್ತಾರೆ; ಅವರಿಗೆ ಎಪ್ಪತ್ತು ದಾಟಿದೆ, ನಡೆಯುವ ಉತ್ಸಾಹವಿದ್ದರೂ ಮಂಡಿನೋವಿದೆ.

ಕಾಕಡು ರಾಷ್ಟ್ರೀಯ ಉದ್ಯಾನದ ಗುನ್‌ಲೊಮ್ ಜಲಪಾತದ ನೆತ್ತಿಯಲ್ಲಿ, ನೀರು ಕೆಳಗೆ ಧುಮುಕುವ ಅಂಚಿಗೆ ತಾಗಿದಂತೆ, ಬಂಡೆಗಳ ನಡುವೆ ತಾವಾಗಿಯೇ ಉಂಟಾದ ಮಡುಗಳಿವೆಯೆಂದೂ ಅವುಗಳಲ್ಲಿ ಈಜುತ್ತಲೇ ಇಡೀ ಕಣಿವೆಯನ್ನು ನೋಡಬಹುದೆಂದೂ ಕೆಲವು ಹಳೆಯ ಪ್ರವಾಸ ಲೇಖನಗಳಲ್ಲಿ ಓದಿದೆವು. ಮಕ್ಕಳು ಆ ಚಿತ್ರಗಳನ್ನು ನೋಡಿದಾಗಿನಿಂದ ಬೇರೆ ಮಾತೇ ಆಡುತ್ತಿಲ್ಲ. ಅಲ್ಲಿಗೆ ಹತ್ತುವ ದಾರಿ ಎಷ್ಟು ಕಷ್ಟ, ಮೊಸಳೆಗಳ ವಿಷಯದಲ್ಲಿ ಯಾವ ಎಚ್ಚರಿಕೆ ಬೇಕು, ಹಿರಿಯರನ್ನು ಎಲ್ಲಿಯವರೆಗೆ ಕರೆದೊಯ್ಯಬಹುದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರದ ಬಿಸಿಲು (ಡಾರ್ವಿನ್)

ಮೇಡಂ, ಮೊದಲು ನಿರಾಶೆಯ ಸುದ್ದಿಯನ್ನೇ ಹೇಳಿಬಿಡುತ್ತೇನೆ. ಗುನ್‌ಲೊಮ್ ಅನ್ನು 2019ರಲ್ಲಿ ಸಾರ್ವಜನಿಕರಿಗೆ ಮುಚ್ಚಲಾಯಿತು. ನೀವು ಓದಿದ ಲೇಖನಗಳೂ ನಿಮ್ಮ ಮಕ್ಕಳು ನೋಡಿದ ಚಿತ್ರಗಳೂ ಬಹುಪಾಲು ಅದಕ್ಕಿಂತ ಹಿಂದಿನವು. ಅವನ್ನು ನಂಬಿಕೊಂಡು ಕಾಕಡು ಹೆದ್ದಾರಿಯಿಂದ ಒಳಕ್ಕೆ ಹೋಗುವ ಆ ಉದ್ದನೆಯ ಮಣ್ಣಿನ ರಸ್ತೆಯಲ್ಲಿ ವಾಹನ ಓಡಿಸಬೇಡಿ. ಕಾಕಡುವಿನ ಯಾವ ಜಾಗ ಇಂದು ತೆರೆದಿದೆ, ಯಾವುದು ಮುಚ್ಚಿದೆ ಎಂಬ ವರದಿಯನ್ನು ಉದ್ಯಾನದವರೇ ಕಾಲಕಾಲಕ್ಕೆ ಪ್ರಕಟಿಸುತ್ತಾರೆ, ಹೊರಡುವ ಮುನ್ನ ಅದೊಂದನ್ನೇ ನಂಬಬೇಕು.

ಮುಚ್ಚಿದ ಕಾರಣವನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ಗುನ್‌ಲೊಮ್ ಇರುವುದು ಆ ಭಾಗದ ಮೂಲನಿವಾಸಿಗಳಾದ ಜವೊಯ್ನ್ ಜನರ ನೆಲದಲ್ಲಿ. ನೆತ್ತಿಯ ಮಡುಗಳಿಗೆ ಹತ್ತುವ ಕಾಲುದಾರಿ ಕಡಿದಾಗಿತ್ತು, ಜಾರುತ್ತಿತ್ತು. ಅದನ್ನು ಸರಿಪಡಿಸುವ ಸಲುವಾಗಿ ಉದ್ಯಾನದ ಆಡಳಿತವು 2019ರಲ್ಲಿ ದಾರಿಯ ಪಥವನ್ನೇ ಬದಲಿಸಿತು. ಹೊಸ ದಾರಿಯು ಜವೊಯ್ನ್ ಜನರು ಪವಿತ್ರವೆಂದು ಕಾಪಾಡಿಕೊಂಡು ಬಂದಿರುವ ಒಂದು ತಾಣಕ್ಕೆ ತೀರಾ ಹತ್ತಿರವಾಗಿ ಹಾದುಹೋಯಿತು, ಅದಕ್ಕೆ ಬೇಕಾಗಿದ್ದ ಅನುಮತಿ ಪತ್ರವನ್ನೂ ಪಡೆದಿರಲಿಲ್ಲ. ಚಾರಣಿಗರ ಸುರಕ್ಷತೆಗೆಂದು ಮಾಡಿದ ಕೆಲಸವೇ ಚಾರಣವನ್ನು ನಿಲ್ಲಿಸಿತು.

ನಿಮ್ಮ ಪ್ರವಾಸಕ್ಕೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ನೆತ್ತಿಯಲ್ಲಿ ಮಡುಗಳಿರುವ ಜಲಪಾತಗಳು ಈ ಪ್ರಾಂತ್ಯದಲ್ಲಿ ಬೇರೆಯೂ ಇವೆ. ಡಾರ್ವಿನ್‌ನಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದ ಲಿಚ್‌ಫೀಲ್ಡ್ ಉದ್ಯಾನದಲ್ಲಿ ಬ್ಯೂಲಿ ರಾಕ್‌ಹೋಲ್ ಇದೆ. ಅದೇ ಹಳ್ಳ ಮುಂದೆ ಹರಿದು ಫ್ಲಾರೆನ್ಸ್ ಜಲಪಾತವಾಗುತ್ತದೆ. ಕ್ಯಾಥರಿನ್ ಪಟ್ಟಣದ ಬಳಿ ನಿಟ್ಮಿಲುಕ್ ಉದ್ಯಾನದ ಲೆಲಿನ್ ಇದೆ, ಹಿಂದೆ ಈಡಿತ್ ಜಲಪಾತವೆಂದು ಕರೆಯುತ್ತಿದ್ದ ಜಾಗ. ನಿಮ್ಮ ಕುಟುಂಬಕ್ಕೆ ಇವೆರಡೂ ಗುನ್‌ಲೊಮ್‌ಗಿಂತ ಹೆಚ್ಚು ಒಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ.

ಸಂದೇಹವಾದಿ (ಬೆಂಗಳೂರು)

ಮೇಲಿನ ವಿವರಣೆಗೆ ಧನ್ಯವಾದಗಳು. ಆದರೂ ಒಂದು ಮಾತು ಕೇಳದೆ ಇರಲಾರೆ. ದಾರಿಯ ಒಂದು ತುಂಡು ತಪ್ಪಾದ ಕಡೆ ಹಾದುಹೋಗಿದ್ದರೆ ಆ ತುಂಡನ್ನಷ್ಟೇ ಮುಚ್ಚಿ, ಹಳೆಯ ದಾರಿಯನ್ನು ಮತ್ತೆ ತೆರೆದಿದ್ದರೆ ಸಾಲದೇ? ಇಡೀ ಜಲಪಾತವನ್ನು, ಅದೂ ಲೋಕಪ್ರಸಿದ್ಧವಾದುದನ್ನು, ವರ್ಷಗಟ್ಟಲೆ ಯಾರಿಗೂ ಸಿಗದಂತೆ ಮಾಡುವುದು ಅತಿಯಾಯಿತಲ್ಲವೇ? ರಾಷ್ಟ್ರೀಯ ಉದ್ಯಾನವೆಂದ ಮೇಲೆ ಅದು ಎಲ್ಲರ ಸ್ವತ್ತು.

ಕೊಡಗಿನ ಮಳೆ (ವಿರಾಜಪೇಟೆ)

ಸಂದೇಹವಾದಿಯವರೇ, ನಮ್ಮ ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲೊಂದರ ನಡುವೆ ಪ್ರವಾಸೋದ್ಯಮದ ಹೆಸರಿನಲ್ಲಿ ಯಾರನ್ನೂ ಕೇಳದೆ ಸಿಮೆಂಟು ಮೆಟ್ಟಿಲು ಕಟ್ಟಿದರೆ, ಅನಂತರ ಊರಿನವರು "ಈ ಮೆಟ್ಟಿಲನ್ನು ಬಿಟ್ಟು ಪಕ್ಕದಲ್ಲಿ ಓಡಾಡಿ" ಎಂದು ಹೇಳಿ ಸುಮ್ಮನಾಗುತ್ತಾರೆಯೇ? ದಾರಿ ಎಷ್ಟು ಮೀಟರು ಆಚೆ ಈಚೆ ಆಯಿತು ಎನ್ನುವುದಕ್ಕಿಂತ, ಕೇಳಬೇಕಾದವರನ್ನು ಕೇಳಲಿಲ್ಲ ಎನ್ನುವುದೇ ಅಲ್ಲಿ ದೊಡ್ಡದಾಗುತ್ತದೆ.

ಉತ್ತರದ ಬಿಸಿಲು (ಡಾರ್ವಿನ್)

ದೇವರಕಾಡಿನ ಹೋಲಿಕೆ ಅರ್ಧ ಮಾತ್ರ ಸರಿ. ಕೊಡಗಿನ ಕಾಡುಗಳ ಮೇಲೆ ಊರಿನವರಿಗೆ ಹಕ್ಕಿದೆಯೇ, ಇಲಾಖೆಗೆ ಹಕ್ಕಿದೆಯೇ ಎಂಬ ತಕರಾರು ಹಳೆಯದು. ಕಾಕಡುವಿನಲ್ಲಿ ಆ ಪ್ರಶ್ನೆಗೆ ಕಾನೂನಿನ ಉತ್ತರವೇ ಇದೆ. 1979ರಲ್ಲಿ ಘೋಷಿತವಾದ ಈ ಉದ್ಯಾನವನ್ನು ಸರ್ಕಾರ ಮತ್ತು ನೆಲದ ಪರಂಪರಾಗತ ಒಡೆಯರು ಜಂಟಿಯಾಗಿ ನಡೆಸುತ್ತಾರೆ, ಒಡೆಯರು ತಮ್ಮ ನೆಲವನ್ನು ಉದ್ಯಾನಕ್ಕೆ ಗುತ್ತಿಗೆಗೆ ಕೊಟ್ಟಿದ್ದಾರೆ. ಆದ್ದರಿಂದ "ಎಲ್ಲರ ಸ್ವತ್ತು" ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಗುನ್‌ಲೊಮ್ ಸುತ್ತಮುತ್ತಲಿನ ಸೌತ್ ಅಲಿಗೇಟರ್ ಕಣಿವೆಯ ಇತಿಹಾಸವನ್ನು ನೋಡಿದರೆ ಜವೊಯ್ನ್ ಜನರು ಇಷ್ಟು ಗಟ್ಟಿಯಾಗಿ ಏಕೆ ನಿಂತರು ಎಂಬುದು ಅರ್ಥವಾಗುತ್ತದೆ. 1950ರ ಮತ್ತು 60ರ ದಶಕಗಳಲ್ಲಿ ಅಲ್ಲಿ ಯುರೇನಿಯಂ ಗಣಿಗಳಿದ್ದವು. ಗುನ್‌ಲೊಮ್‌ಗೆ ಹಿಂದೆ ಇದ್ದ "ಯುಡಿಪಿ ಜಲಪಾತ" ಎಂಬ ಹೆಸರು ಕೂಡ ಒಂದು ಯುರೇನಿಯಂ ಯೋಜನೆಯ ಹೆಸರಿನಿಂದ ಬಂದದ್ದು. ಬುಲಾ ಎಂಬ ಸೃಷ್ಟಿಕರ್ತ ಆ ನೆಲದೊಳಗೆ ನೆಲೆಸಿದ್ದಾನೆ, ನೆಲವನ್ನು ಕೆಣಕಿದರೆ ಲೋಕಕ್ಕೇ ಕೇಡು ಎಂಬುದು ಜವೊಯ್ನ್ ಜನರ ನಂಬಿಕೆ. ಅದೇ ಪ್ರದೇಶದ ಗುರಾತ್ಬಾದಲ್ಲಿ, ಅಂದರೆ ಕೊರೊನೇಷನ್ ಹಿಲ್‌ನಲ್ಲಿ, ಚಿನ್ನ ಮುಂತಾದ ಲೋಹಗಳಿಗಾಗಿ ಗಣಿ ತೆರೆಯುವ ಪ್ರಸ್ತಾವ ಬಂದಾಗ ಹಿರಿಯರು ಇದೇ ಕಾರಣಕ್ಕೆ ವಿರೋಧಿಸಿದರು. 1991ರಲ್ಲಿ ಪ್ರಧಾನಿ ಬಾಬ್ ಹಾಕ್ ಅವರ ಸರ್ಕಾರ ಗಣಿಗೆ ಅವಕಾಶವಿಲ್ಲವೆಂದು ತೀರ್ಮಾನಿಸಿತು. ಗಣಿಯನ್ನೇ ತಡೆದವರು ಕಾಲುದಾರಿಯ ವಿಷಯದಲ್ಲಿ ಹೇಗಾದರೂ ಆಗಲಿ ಎಂದು ಕೈಬಿಡುವವರಲ್ಲ.

ಆ ಕಾಲುದಾರಿಯ ವಿಷಯದಲ್ಲಿ ನಡೆದ ಮೊಕದ್ದಮೆಯ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಪವಿತ್ರ ತಾಣಗಳ ರಕ್ಷಣೆಗೆ ಇರುವ ಪ್ರಾಧಿಕಾರವು ಉದ್ಯಾನಗಳ ನಿರ್ದೇಶಕರ ಮೇಲೆ 1989ರ ಪವಿತ್ರ ತಾಣಗಳ ಕಾಯಿದೆಯಡಿ ಆರೋಪ ಹೊರಿಸಿತು. ಅದು ಪ್ರಾಂತ್ಯದ ಕಾನೂನು, ತಾವು ಕೇಂದ್ರ ಸರ್ಕಾರದ ಸಂಸ್ಥೆ, ಆದ್ದರಿಂದ ಅದು ತಮ್ಮನ್ನು ಕಟ್ಟಿಹಾಕದು ಎಂಬ ವಾದ ನಡೆಯಿತು. 2024ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು (ಆ ದೇಶದಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) ಆ ವಾದವನ್ನು ಒಪ್ಪಲಿಲ್ಲ, ಅದೇ ವರ್ಷ ಎರಡು ಲಕ್ಷ ಡಾಲರ್ ದಂಡವೂ ಬಿತ್ತು.

ಸಂದೇಹವಾದಿ (ಬೆಂಗಳೂರು)

ಗುತ್ತಿಗೆಯ ವಿಷಯ ನನಗೆ ಹೊಸದು. ಒಡೆತನ ಅವರದಾದರೆ ಬಾಗಿಲು ಹಾಕುವ ಅಧಿಕಾರವೂ ಅವರದೇ ಎಂಬುದನ್ನು ಒಪ್ಪುತ್ತೇನೆ. ಪ್ರವಾಸಿಗರಿಂದ ಬರುವ ಆದಾಯವೂ ಅದೇ ಜನರಿಗೆ ತಪ್ಪಿತಲ್ಲ ಎಂಬ ಬೇಸರ ಮಾತ್ರ ಉಳಿಯುತ್ತದೆ.

ಕಲ್ಲುಬಂಡೆ (ಪರ್ತ್)

ಭೂವಿಜ್ಞಾನದ ವಿದ್ಯಾರ್ಥಿಯಾಗಿ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ಇಂತಹ ಮಡುಗಳು ಹೇಗೆ ಉಂಟಾಗುತ್ತವೆ ಎಂಬುದಕ್ಕೂ ಅವುಗಳಲ್ಲಿ ಹೇಗೆ ಈಜಬೇಕು ಎಂಬುದಕ್ಕೂ ನೇರ ಸಂಬಂಧವಿದೆ.

ಕಾಕಡು ಮತ್ತು ನಿಟ್ಮಿಲುಕ್ ಎರಡೂ ಕಡೆ ಕಾಣುವ ಎತ್ತರದ ಪ್ರಸ್ಥಭೂಮಿ ಬಹುಮಟ್ಟಿಗೆ ಕೊಂಬೊಲ್ಜಿ ಎಂಬ ಮರಳುಗಲ್ಲಿನದು, ಅದರ ವಯಸ್ಸು ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಈ ಕಲ್ಲಿನಲ್ಲಿ ನೇರ ಗೆರೆ ಎಳೆದಂತೆ ಉದ್ದುದ್ದ ಬಿರುಕುಗಳಿವೆ. ಹಳ್ಳ ಆ ಬಿರುಕುಗಳ ಜಾಡನ್ನೇ ಹಿಡಿದು ಹರಿಯುತ್ತದೆ. ಮಳೆಗಾಲದ ರಭಸದಲ್ಲಿ ನೀರಿನೊಂದಿಗೆ ಉರುಳಿಬರುವ ಗುಂಡುಕಲ್ಲುಗಳು ಸುಳಿಯಲ್ಲಿ ಸಿಕ್ಕಿ, ಒಂದೇ ಜಾಗದಲ್ಲಿ ಗಿರಗಿರನೆ ಸುತ್ತುತ್ತಾ ಬಂಡೆಯನ್ನು ಒರಳಿನಂತೆ ಕೊರೆಯುತ್ತವೆ. ಹೀಗೆ ಕೊರೆದ ಗುಂಡಿಗಳು ಒಂದಕ್ಕೊಂದು ಕೂಡಿಕೊಂಡಾಗ ಮಡುವಾಗುತ್ತದೆ. ಅಂಚಿನ ಬಂಡೆ ಸವೆಯದೆ ಉಳಿದ ಕಡೆ ಅದೇ ಕಟ್ಟೆಯಾಗಿ ನೀರನ್ನು ತಡೆಯುತ್ತದೆ. ಮರಳುಗಲ್ಲು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಒರತೆಗಳ ಮೂಲಕ ನಿಧಾನವಾಗಿ ಬಿಡುವುದರಿಂದ, ತಿಂಗಳುಗಟ್ಟಲೆ ಮಳೆಯಿಲ್ಲದಿದ್ದರೂ ಕೆಲವು ಹಳ್ಳಗಳು ಬತ್ತುವುದಿಲ್ಲ.

ಈಗ ಈಜಿನ ವಿಷಯ. ಮಡುವಿನ ತಳ ಸಮವಾಗಿರುವುದಿಲ್ಲ. ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ, ಗುಂಡಿಯ ಗೋಡೆ ಒಳಕ್ಕೆ ಕೊರೆದುಕೊಂಡಿರಲೂಬಹುದು. ಹಿಂದಿನ ವರ್ಷ ಇಲ್ಲದ ಬಂಡೆಯನ್ನು ಈ ವರ್ಷದ ಮಳೆ ತಂದು ನಿಲ್ಲಿಸಿರುತ್ತದೆ. ಆದ್ದರಿಂದ ಮೇಲಿನಿಂದ ಹಾರುವುದು, ತಲೆ ಕೆಳಗಾಗಿ ಧುಮುಕುವುದು ಎಲ್ಲಿಯೂ ಬೇಡ. ಎರಡನೆಯದಾಗಿ, ನೀರು ಅಂಚಿಗೆ ಹತ್ತಿರವಾದಂತೆ ಅದರ ಆಳ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ನಮ್ಮ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೇಲ್ಮೈ ಕನ್ನಡಿಯಂತೆ ನಯವಾಗಿ ಕಾಣುವ ಜಾಗವೇ ಅನೇಕ ಸಲ ಅತಿ ವೇಗದ ಜಾಗ, ಅದರ ಅಡಿಯಲ್ಲಿ ಪಾಚಿ ಹಿಡಿದ ಕಲ್ಲಿರುತ್ತದೆ. ಹರಿವು ಕಣ್ಣಿಗೆ ಕಾಣುವಷ್ಟಿದ್ದರೆ ಅಂಚಿನ ಕಡೆಯ ಮಡುವನ್ನು ಬಿಟ್ಟು, ಹಿಂದಿನ ಮಡುವಿನಲ್ಲಿ, ಹರಿವಿನಿಂದ ಪಕ್ಕಕ್ಕಿರುವ ಮೂಲೆಯಲ್ಲಿ ಇಳಿಯಿರಿ.

ಕರಾವಳಿಯವಳು (ಸ್ಯಾನ್ ಹೋಸೆ)

ಕಲ್ಲುಬಂಡೆಯವರು ಹೇಳಿದ ಎರಡನೆಯ ಮಾತಿಗೆ ಇಲ್ಲಿಯ ಸಾಕ್ಷಿಯೊಂದಿದೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ, 97 ಮೀಟರ್ ಎತ್ತರದ ವರ್ನಲ್ ಜಲಪಾತದ ತುಸು ಮೇಲೆ ಎಮರಾಲ್ಡ್ ಪೂಲ್ ಎಂಬ ಹಸಿರು ಬಣ್ಣದ ಮಡು ಇದೆ. ನೋಡಿದವರಿಗೆ ಇಳಿಯಬೇಕೆನಿಸುವಷ್ಟು ಶಾಂತವಾಗಿ ಕಾಣುತ್ತದೆ, ಆದರೆ ಅಲ್ಲಿ ಈಜು ನಿಷಿದ್ಧ. 2011ರ ಜುಲೈನಲ್ಲಿ ಮೂವರು ಚಾರಣಿಗರು ಜಲಪಾತದ ನೆತ್ತಿಯಲ್ಲಿ ತಡೆಬೇಲಿಯನ್ನು ದಾಟಿ ನೀರಿಗಿಳಿದು, ಸೆಳೆತಕ್ಕೆ ಸಿಕ್ಕಿ ಕೆಳಗೆ ಬಿದ್ದು ಸತ್ತರು. ಆ ವರ್ಷ ಹಿಮ ಹೆಚ್ಚಾಗಿತ್ತು, ಜುಲೈನಲ್ಲೂ ನದಿ ತುಂಬಿ ಹರಿಯುತ್ತಿತ್ತು. ಇಲ್ಲಿಗೆ ಬರುವ ನಮ್ಮವರಲ್ಲಿ ಅನೇಕರು ಬೇಸಿಗೆ ಬಂದರೆ ನದಿ ಇಳಿದಿರುತ್ತದೆ ಎಂದೇ ಭಾವಿಸುತ್ತಾರೆ. ಹಿಮ ಕರಗಿ ತುಂಬುವ ನದಿಗೆ ಬೇಸಿಗೆಯ ಆರಂಭವೇ ಪ್ರವಾಹದ ಕಾಲ.

ತುಂಗಾತೀರ (ಮೆಲ್ಬರ್ನ್)

ಎಲ್ಲರಿಗೂ ಧನ್ಯವಾದಗಳು. ಗುನ್‌ಲೊಮ್ ಅನ್ನು ಕೈಬಿಟ್ಟಿದ್ದೇವೆ. ದೊಡ್ಡ ಮಗಳು ಬುಲಾನ ವಿಷಯ ಓದಿ, ತೆರೆದಿದ್ದರೂ ಹೋಗುವುದು ಬೇಡವೆಂದಳು. ಚಿಕ್ಕವನಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಮೊಸಳೆಯ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಮಾವನವರು ದಿನಕ್ಕೆ ನಾಲ್ಕು ಸಲ ಅದನ್ನೇ ಕೇಳುತ್ತಿದ್ದಾರೆ.

ಕ್ಯಾಥರಿನ್ ವಾಸಿ

ಅಕ್ಕಾ, ನಾನು ಇಲ್ಲಿ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವನು, ಆದ್ದರಿಂದ ನಿಮ್ಮ ಮಾವನವರ ಪ್ರಶ್ನೆಗೆ ನಾನೇ ಉತ್ತರಿಸುತ್ತೇನೆ.

ಇಲ್ಲಿ ಎರಡು ಬಗೆಯ ಮೊಸಳೆಗಳಿವೆ. ಸಿಹಿನೀರಿನ ಮೊಸಳೆ ಸಣ್ಣದು, ಮೂತಿ ಚೂಪು, ಸಾಮಾನ್ಯವಾಗಿ ಮನುಷ್ಯರಿಂದ ದೂರ ಸರಿಯುತ್ತದೆ. ಹತ್ತಿರ ಹೋಗಿ ಕೆಣಕಿದರೆ ಕಚ್ಚುತ್ತದೆ. ಉಪ್ಪುನೀರಿನ ಮೊಸಳೆ ಮನುಷ್ಯರನ್ನು ಕೊಲ್ಲಬಲ್ಲದು. ಹೆಸರನ್ನು ನೋಡಿ ಅದು ಸಮುದ್ರದಲ್ಲಷ್ಟೇ ಇರುತ್ತದೆಂದು ತಿಳಿಯಬಾರದು, ಸಿಹಿನೀರಿನ ನದಿಗಳಲ್ಲಿ ನೂರಾರು ಕಿಲೋಮೀಟರು ಒಳನಾಡಿಗೂ ಬರುತ್ತದೆ. ಚರ್ಮಕ್ಕಾಗಿ ಬೇಟೆಯಾಡಿ ಬಹುತೇಕ ಮುಗಿಸಿಬಿಟ್ಟಿದ್ದ ಇವುಗಳನ್ನು 1971ರಲ್ಲಿ ಕಾನೂನು ರಕ್ಷಿಸಿತು, ಈಗ ಪ್ರಾಂತ್ಯದ ಉತ್ತರ ಭಾಗದ ಎಲ್ಲ ದೊಡ್ಡ ನದಿಗಳಲ್ಲೂ ಇವೆ. ಮಳೆಗಾಲದಲ್ಲಿ ಬಯಲೆಲ್ಲ ನೀರಾದಾಗ ಜಲಪಾತಗಳ ಬುಡದ ಮಡುಗಳವರೆಗೂ ಈಜಿಬರುತ್ತವೆ. ಅದಕ್ಕಾಗಿಯೇ ಮಳೆ ಮುಗಿದ ಮೇಲೆ ಅರಣ್ಯ ಸಿಬ್ಬಂದಿ ರಾತ್ರಿ ದೀಪ ಹಾಕಿ ಹುಡುಕುತ್ತಾರೆ, ಬೋನು ಇಡುತ್ತಾರೆ, ಹಲ್ಲಿನ ಗುರುತು ಬೀಳಲೆಂದು ತೇಲುಬುರುಡೆಗಳನ್ನು ಬಿಡುತ್ತಾರೆ. ಎಲ್ಲ ನೋಡಿಯಾದ ಮೇಲೆಯೇ ಈಜಿಗೆ ಅನುಮತಿ ಕೊಡುತ್ತಾರೆ.

ನೆತ್ತಿಯ ಮಡುಗಳು ಈ ದೃಷ್ಟಿಯಿಂದ ಬುಡದ ಮಡುಗಳಿಗಿಂತ ಮೇಲು, ಏಕೆಂದರೆ ಕಡಿದಾದ ಬಂಡೆಯನ್ನು ಉಪ್ಪುನೀರಿನ ಮೊಸಳೆ ಏರಿ ಬರುವುದು ಕಷ್ಟ. ಹಾಗೆಂದು ನೀವೇ ಲೆಕ್ಕ ಹಾಕಿಕೊಂಡು ಇಳಿಯಬೇಡಿ. ಈಜಬಹುದೆಂಬ ಫಲಕ ಇರುವ ಕಡೆ, ಅದು ತೆರೆದಿರುವ ದಿನ ಮಾತ್ರ ಇಳಿಯಬೇಕು. ಫಲಕ ಇಲ್ಲದ ನೀರು ಎಷ್ಟೇ ತಿಳಿಯಾಗಿದ್ದರೂ ದಡದಿಂದಲೇ ನೋಡಿ.

ನಿಜ ಹೇಳಬೇಕೆಂದರೆ ಚಾರಣಿಗರನ್ನು ಇಲ್ಲಿ ಮೊಸಳೆಗಿಂತ ಹೆಚ್ಚಾಗಿ ಕಾಡುವುದು ಬಿಸಿಲು. ಜುಲೈ ತಂಪಿನ ಕಾಲ, ಕಾಕಡುವಿನ ಜನರ ಆರು ಋತುಗಳ ಎಣಿಕೆಯಲ್ಲಿ ಅದು ವುರ್ಗೆಂಗ್. ಆಗಲೂ ಕ್ಯಾಥರಿನ್‌ನಲ್ಲಿ ಹಗಲು 30 ಡಿಗ್ರಿ ಮುಟ್ಟುತ್ತದೆ, ರಾತ್ರಿ 13ರ ಆಸುಪಾಸಿಗೆ ಇಳಿಯುತ್ತದೆ. ಮೆಲ್ಬರ್ನ್ ಚಳಿಯಿಂದ ನೇರವಾಗಿ ಬರುವ ದೇಹಕ್ಕೆ ಆ ಹಗಲು ಸಾಮಾನ್ಯವಲ್ಲ. ಮಾವನವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮುನ್ನ ವೈದ್ಯರನ್ನು ಕೇಳಿ, ಕೆಲವು ಮಾತ್ರೆಗಳು ದೇಹದ ನೀರನ್ನು ಇಳಿಸುತ್ತವೆ. ಬೆಳಗಿನ ಹೊತ್ತೇ ಹತ್ತಿ ಮುಗಿಸಿ, ಬಾಯಾರುವುದಕ್ಕೆ ಮೊದಲೇ ಕುಡಿಯಿರಿ. ಬಿಸಿಲಲ್ಲಿ ಏರಿ ಬಂದವರು ತಣ್ಣೀರಿಗೆ ಒಮ್ಮೆಗೇ ಬೀಳದೆ, ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಆಮೇಲೆ ಇಳಿಯಬೇಕು.

ಲೆಲಿನ್‌ನಲ್ಲಿ ನಿಮ್ಮ ಕುಟುಂಬ ಎರಡಾಗಿ ಒಡೆಯಬಹುದು. ವಾಹನ ನಿಲ್ಲಿಸುವ ಜಾಗಕ್ಕೆ ಹತ್ತಿರದಲ್ಲೇ ಬುಡದ ದೊಡ್ಡ ಮಡು, ಹುಲ್ಲುಹಾಸು, ತಿಂಡಿ ಅಂಗಡಿ ಇವೆ. ಹಿರಿಯರು ಅಲ್ಲಿ ಆರಾಮವಾಗಿ ಕೂರಬಹುದು. ಮಕ್ಕಳೊಂದಿಗೆ ನೀವು 2.6 ಕಿಲೋಮೀಟರಿನ ಸುತ್ತುದಾರಿಯಲ್ಲಿ ಮೇಲಿನ ಮಡುವಿಗೆ ಹೋಗಿಬನ್ನಿ. ದೂರ ಕಡಿಮೆಯಾದರೂ ಕಲ್ಲುದಾರಿ, ಹಿಡಿತವಿರುವ ಪಾದರಕ್ಷೆ ಬೇಕು. ಈಜು ಸೇರಿ ಅರ್ಧ ದಿನ ಇಟ್ಟುಕೊಳ್ಳಿ.

ಚಾರಣಪ್ರಿಯ (ಬೆಂಗಳೂರು)

ಲೆಲಿನ್ ಹೆಸರು ಬಂದಿದ್ದರಿಂದ ಜಟ್ಬುಲಾ ಚಾರಣದ ಬಗ್ಗೆ ಹೇಳದೆ ಇರಲಾರೆ. ತುಂಗಾತೀರ ಅವರಿಗೆ ಈ ಬಾರಿ ಆಗದಿದ್ದರೂ ಓದುತ್ತಿರುವ ಬೇರೆಯವರಿಗೆ ಉಪಯೋಗವಾದೀತು. ನಿಟ್ಮಿಲುಕ್ ಕಮರಿಯಿಂದ ಲೆಲಿನ್‌ವರೆಗೆ ಸುಮಾರು 62 ಕಿಲೋಮೀಟರ್, ಐದಾರು ದಿನಗಳ ನಡಿಗೆ, ಒಂದೇ ದಿಕ್ಕಿನಲ್ಲಿ ನಡೆಯಬೇಕು. ಮೊದಲು ದೋಣಿಯಲ್ಲಿ ನದಿ ದಾಟಿಸುತ್ತಾರೆ, ಅನಂತರ ಮರ ಮತ್ತು ಬಂಡೆಗಳ ಮೇಲಿನ ನೀಲಿ ತ್ರಿಕೋನಗಳೇ ದಾರಿದೀಪ. ಜವೊಯ್ನ್ ಜನರ ಭೂಮಿ ಹಕ್ಕಿಗಾಗಿ ದುಡಿದ ಹಿರಿಯ ಪೀಟರ್ ಜಟ್ಬುಲಾ ಅವರ ಹೆಸರನ್ನು ಈ ದಾರಿಗೆ ಇಟ್ಟಿದ್ದಾರೆ; 1989ರಲ್ಲಿ ನಿಟ್ಮಿಲುಕ್ ಅವರಿಗೆ ಮರಳಿ ದಕ್ಕಿತು.

ಈ ಚಾರಣದ ವಿಶೇಷವೆಂದರೆ ಪ್ರತಿದಿನದ ಬಿಡಾರವೂ ನೀರಿನ ಬಳಿಯೇ, ಅದರಲ್ಲೂ ಹೆಚ್ಚಿನವು ಜಲಪಾತದ ನೆತ್ತಿಯಲ್ಲಿ. ಮೊದಲ ದಿನ ಬಿಡಲ್‌ಕೂಮ್, ಎರಡನೆಯ ದಿನ ಕ್ರಿಸ್ಟಲ್ ಜಲಪಾತ, ಮೂರನೆಯ ದಿನ ಸೆವೆಂಟೀನ್ ಮೈಲ್ ಜಲಪಾತ. ಈ ಮೂರನೆಯದರಲ್ಲಿ ಎದುರಿನ ಅಂಚಿನಿಂದ ಇಡೀ ಜಲಪಾತವನ್ನು ನೋಡಿಕೊಂಡು, ಬಳಿಕ ಅದರ ಮೇಲಿನ ಮಡುಗಳಿಗೆ ಬರುತ್ತೇವೆ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಆಮೇಲಿನ ದಿನ ಸುಮಾರು 17 ಕಿಲೋಮೀಟರ್, ಬಯಲು, ಬೇಸರ. ಸ್ಯಾಂಡಿ ಕ್ಯಾಂಪ್ ತಲುಪಿ ಅಗಲವಾದ ಮಡುವಿಗೆ ಇಳಿದಾಗ ಆ ಬೇಸರ ಕಳೆಯುತ್ತದೆ. ಕೊನೆಗೆ ಸ್ವೀಟ್‌ವಾಟರ್ ಪೂಲ್, ಅಲ್ಲಿಂದ ಲೆಲಿನ್.

ಒಣ ಹವೆಯ ತಿಂಗಳುಗಳಲ್ಲಿ ಮಾತ್ರ ಅನುಮತಿ, ಅದೂ ಸೀಮಿತ ಸಂಖ್ಯೆಯಲ್ಲಿ. ಮುಂಗಡ ಕಾಯ್ದಿರಿಸುವಿಕೆ ತೆರೆದ ಕೂಡಲೇ ಜಾಗಗಳು ತುಂಬಿಹೋಗುತ್ತವೆ. ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ, ಉಪಗ್ರಹದ ಮೂಲಕ ಆಪತ್ಕಾಲದ ಸಂದೇಶ ಕಳಿಸುವ ಸಾಧನವನ್ನು ಬಾಡಿಗೆಗಾದರೂ ತನ್ನಿ. ಇನ್ನೊಂದು ವಿಷಯ: ಬಿಡಾರದಲ್ಲಿ ಕುಡಿಯುವುದೂ ಈಜುವುದೂ ಅದೇ ಹಳ್ಳದ ನೀರು. ಮೈಗೆ ಹಚ್ಚಿದ ಸನ್‌ಸ್ಕ್ರೀನ್, ಸೊಳ್ಳೆ ನಿವಾರಕ, ಸೋಪು ಯಾವುದೂ ಮಡುವಿಗೆ ಸೇರಬಾರದು. ಉದ್ದತೋಳಿನ ಅಂಗಿಯಲ್ಲೇ ಈಜುವುದು ಸುಲಭವಾದ ಪರಿಹಾರ.

ತುಂಗಾತೀರ (ಮೆಲ್ಬರ್ನ್)

ಈಗ ಯೋಜನೆ ಹೀಗಿದೆ: ಡಾರ್ವಿನ್‌ನಲ್ಲಿ ಇಳಿದು ಮೊದಲು ಬ್ಯೂಲಿ, ಆಮೇಲೆ ಕ್ಯಾಥರಿನ್ ಮತ್ತು ಲೆಲಿನ್, ಕೊನೆಗೆ ಈಜಿನ ಆಸೆ ಇಟ್ಟುಕೊಳ್ಳದೆ ಕಾಕಡುವಿನ ಉಬಿರ್ ಬಂಡೆಚಿತ್ರಗಳು. ಸಾಮಾನ್ಯ ಕಾರು ಸಾಕೇ, ಫೋರ್ ವೀಲ್ ಡ್ರೈವ್ ಬೇಕೇ? ಪ್ರವೇಶ ಚೀಟಿ ಒಂದೇ ಸಾಕೇ?

ಉತ್ತರದ ಬಿಸಿಲು (ಡಾರ್ವಿನ್)

ನೀವು ಹೇಳಿದ ಎಲ್ಲ ಜಾಗಗಳಿಗೂ ಡಾಂಬರು ರಸ್ತೆಯಿದೆ, ಸಾಮಾನ್ಯ ಕಾರು ಸಾಕು. ಚೀಟಿ ಮಾತ್ರ ಎರಡು ಬೇಕು. ಲಿಚ್‌ಫೀಲ್ಡ್ ಮತ್ತು ನಿಟ್ಮಿಲುಕ್ ಪ್ರಾಂತ್ಯದ ಉದ್ಯಾನಗಳಾದ್ದರಿಂದ, 2023ರಿಂದ ಹೊರಗಿನವರೆಲ್ಲ ಪ್ರಾಂತ್ಯದ ಪಾಸ್ ಪಡೆಯಬೇಕು. ಕಾಕಡು ಕೇಂದ್ರ ಸರ್ಕಾರದ ಅಧೀನದಲ್ಲಿರುವುದರಿಂದ ಅದರ ಪಾಸ್ ಬೇರೆ. ಎರಡನ್ನೂ ಮನೆಯಿಂದಲೇ ಆನ್‌ಲೈನ್‌ನಲ್ಲಿ ಕೊಳ್ಳಬಹುದು.

ಬ್ಯೂಲಿಯಲ್ಲಿ ಮಡುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ವಾಹನ ನಿಲ್ಲಿಸುವ ಜಾಗದಿಂದ ಕೆಲವೇ ಹೆಜ್ಜೆ. ಮಾವನವರು ಅಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಅಲ್ಲಿಂದ ಫ್ಲಾರೆನ್ಸ್ ಜಲಪಾತಕ್ಕೆ ಹಳ್ಳದ ಪಕ್ಕದಲ್ಲೇ ಸುಮಾರು ಒಂದೂವರೆ ಕಿಲೋಮೀಟರಿನ ಕಾಲುದಾರಿಯಿದೆ, ಮಕ್ಕಳು ನಡೆದು ಹೋಗಲಿ, ನೀವು ಕಾರಿನಲ್ಲಿ ಹೋಗಿ ಅವರನ್ನು ಕೂಡಿಕೊಳ್ಳಿ. ಶನಿವಾರ, ಭಾನುವಾರ ಬೇಡ, ಇಡೀ ಡಾರ್ವಿನ್ ಅಲ್ಲೇ ಇರುತ್ತದೆ. ವಾರದ ದಿನವಾದರೂ ಬೆಳಿಗ್ಗೆ ಒಂಬತ್ತರೊಳಗೆ ತಲುಪಿ, ಆಮೇಲೆ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ.